ಹಾವಿಲ್ಲದ ಪೊದೆ

ಹೊಳೆಯ ನಡುವಿನ ಆ ದ್ವೀಪಕ್ಕೆ ಈಗ ಬೇಲಿಯಿದೆ, ಟಿಕೆಟ್ಟಿದೆ. ಹೂ ಕೀಳಬೇಡಿ, ಕಸ ಹಾಕಬೇಡಿ ಎನ್ನುವ ಫಲಕಗಳಂತೂ ಮರಗಳಿಗಿಂತ ಹೆಚ್ಚಾಗಿವೆ. ಬೆಳಗಿನ ಮೊದಲ ದೋಣಿಯಲ್ಲಿ ಅಲ್ಲಿಗೆ ಹೋಗುವವಳು ಕಸ ಗುಡಿಸುವ ಹೆಂಗಸು. ಎಲ್ಲರೂ ಅವಳನ್ನು ಪೊರಕೆ ಅಕ್ಕ ಎನ್ನುತ್ತಿದ್ದರು. ಮಾತು ಕಡ್ಡಿ ಮುರಿದ ಹಾಗೆ. ಸಿಪ್ಪೆ ಎಸೆದವರು ಎಂಥ ದೊಡ್ಡ ಮನುಷ್ಯರಾದರೂ ಅವರ ಕೈಯಿಂದಲೇ ಎತ್ತಿಸುತ್ತಿದ್ದಳು.

ಉದ್ಯಾನವಾಗುವ ಮೊದಲು ಅಲ್ಲಿ ತರಕಾರಿ ಬೆಳೆದುಕೊಂಡು ಬದುಕುತ್ತಿದ್ದ ನಾಲ್ಕಾರು ಮನೆಗಳಲ್ಲಿ ಅವಳದೂ ಒಂದು. ಚೊಚ್ಚಲ ಹೆಣ್ಣುಮಗು ಅಲ್ಲೇ ಹುಟ್ಟಿತು, ತಾಯಿಯ ಮುಖ ಗುರುತು ಹಿಡಿಯುವ ಮೊದಲೇ ಅಲ್ಲೇ ಹೋಯಿತು. ಹೊಳೆ ತುಂಬಿ ಹರಿಯುತ್ತಿತ್ತು, ವೈದ್ಯರ ಬಳಿಗೆ ಒಯ್ಯೋಣವೆಂದರೆ ದೋಣಿ ದಡಕ್ಕೆ ಹೋಗುವಂತಿರಲಿಲ್ಲ. ಗಂಡ ತನ್ನ ಅಂಗಿ ಬಿಚ್ಚಿ ಮಗುವನ್ನು ಅದರಲ್ಲಿ ಸುತ್ತಿ, ಮನೆ ಹಿಂದಿನ ಪೊದೆಯ ಬುಡದಲ್ಲಿ ಮಣ್ಣು ಮಾಡಿದ. ಕಲ್ಲು ನೆಡಲಿಲ್ಲ. ಹೆಸರೇ ಇಡದ ಮಗುವಿಗೆ ಕಲ್ಲಿನ ಮೇಲೆ ಏನು ಬರೆಸುವುದು? ಅವಳ ಮಡಿಲು ಮತ್ತೆ ತುಂಬಲಿಲ್ಲ.

ಆಮೇಲೆ ದ್ವೀಪ ಎಲ್ಲರದಾಯಿತು. ಎಲ್ಲರದಾದ ಮೇಲೆ ಅಲ್ಲಿ ಯಾರ ಮನೆಯೂ ಇರಕೂಡದು, ಗೋರಿಯೂ ಇರಕೂಡದು. ಇದ್ದವರಿಗೆ ದಡದಲ್ಲಿ ಮನೆ ಕೊಟ್ಟರು, ಸತ್ತವರನ್ನು ಮರ್ಯಾದೆಯಿಂದಲೇ ಅಗೆದು ದಡದ ಸ್ಮಶಾನಕ್ಕೆ ತಂದರು. ಅವಳ ಅತ್ತೆಯೂ ಹಾಗೇ ಬಂದಳು. ಮಗುವಿನ ವಿಷಯವನ್ನೂ ಹೇಳಿಬಿಡೋಣ ಎಂದ ಗಂಡ.

"ಮಲಗಿರೋ ಮಗೂನ ಯಾರಾದ್ರೂ ಎಬ್ಬಿಸ್ತಾರಾ?" ಎಂದಳು ಅವಳು.

ಅವನು ಮತ್ತೆ ಆ ಮಾತೆತ್ತಲಿಲ್ಲ. ಕೆಲವು ವರ್ಷಕ್ಕೆ ಅವನೂ ತೀರಿಕೊಂಡು ತಾಯಿಯ ಪಕ್ಕ ಸೇರಿದ. ಪೊದೆಯ ಗುಟ್ಟು ಬಲ್ಲವಳು ಇವಳೊಬ್ಬಳೇ ಉಳಿದಳು. ಗುಡಿಸುವ ಕೆಲಸ ಹಿಡಿದದ್ದೂ ಅದರ ಸಲುವಾಗಿಯೇ.

ಆದರೆ ಆ ಪೊದೆಯ ನೆರಳು ಜನಕ್ಕೂ ಬೇಕಾಗಿತ್ತು. ಒಬ್ಬರು ಅಲ್ಲೇ ಕೈ ತೊಳೆಯುವರು, ಇನ್ನೊಬ್ಬರು ಛತ್ರಿಯ ಕೋಲು ಊರುವರು. ಕೋಲು ನೆಲಕ್ಕಿಳಿದಾಗಲೆಲ್ಲ ಅವಳ ಹೊಟ್ಟೆಯಲ್ಲಿ ಚುಚ್ಚಿದ ಹಾಗಾಗುತ್ತಿತ್ತು. ಎಷ್ಟು ಜನರ ಜೊತೆ ಜಗಳಕ್ಕೆ ನಿಲ್ಲುವುದು? ಕೊನೆಗೆ ಗೋದಾಮಿನಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಫಲಕವೊಂದನ್ನು ತಂದು ಅಲ್ಲಿ ನೆಟ್ಟಳು: 'ಹಾವುಗಳಿವೆ, ಎಚ್ಚರಿಕೆ.' ಅಂದಿನಿಂದ ಒಂದು ನರಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು ಅವಳೊಬ್ಬಳೇ ಅಲ್ಲಿ ಕೂರುತ್ತಿದ್ದಳು. ನಿನ್ನ ಬಾಯಿಗೆ ಹೆದರಿ ಹಾವೂ ಹೊರಗೆ ಬರೋದಿಲ್ಲ ಎಂದು ಗೇಟಿನ ಕಾವಲುಗಾರ ಚುಡಾಯಿಸಿದರೆ ಅವಳೂ ನಗುತ್ತಿದ್ದಳು. ಬಹಳ ವರ್ಷ ಹೀಗೆ ನೆಮ್ಮದಿಯಾಗಿ ಕಳೆಯಿತು.

ಹೊಸದಾಗಿ ಬಂದ ಮೇಲ್ವಿಚಾರಕ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಮಕ್ಕಳೊಂದಿಗನಾದ ಅವನು ಫಲಕ ಓದಿ ಗಾಬರಿಯಾದ. ಆಡುವ ಮಕ್ಕಳಿರುವ ಕಡೆ ಹಾವೇ? ಅವಳ ರಜೆಯ ದಿನ ಆಳುಗಳನ್ನು ಕರೆಸಿ, ಪೊದೆಯನ್ನು ಬುಡಸಮೇತ ಅಗೆಸಿ, ನೆಲಕ್ಕೆ ಸಿಮೆಂಟು ಹಾಕಿಸಿ ಬೆಂಚು ಕೂರಿಸಿದ. ಮರುದಿನ ಅವಳಿಗೆ ಖುಷಿಯಿಂದಲೇ ತೋರಿಸಿದ. ಹಾವಿರಲಿ, ಒಂದು ಬಿಲವೂ ಇರಲಿಲ್ಲವಂತೆ.

ಅವಳು ಬೆಂಚನ್ನು ಹಿಡಿದುಕೊಂಡು ನಿಂತಳು. "ಬೇರೆ ಏನಾದ್ರೂ ಸಿಕ್ತಾ ಸಾರ್?"

"ಏನ್ ಸಿಗುತ್ತೆ? ಒಂದೆರಡು ಅಂಗಿ ಗುಂಡಿ. ಮಣ್ಣನ್ನೆಲ್ಲ ಹೊಳೆ ಕೊರೆದಿರೋ ಕಡೆ ಸುರಿಸಿದೆ."

ಅವಳು ಹೊಳೆಯಂಚಿಗೆ ಹೋದಳು. ಸುರಿದ ಮಣ್ಣಿನಲ್ಲಿ ಅರ್ಧ ಆಗಲೇ ಕೊಚ್ಚಿಹೋಗಿತ್ತು. ಉಳಿದದ್ದನ್ನು ಬೆರಳಿನಿಂದ ಕೆದಕಿದಳು, ಗುಂಡಿಯೂ ಸಿಗಲಿಲ್ಲ. ಅಂದು ಗಂಡನ ಮಾತು ಕೇಳಿದ್ದರೆ ಮಗು ಈಗ ಅಪ್ಪನ ಪಕ್ಕ, ಅಜ್ಜಿಯ ಪಕ್ಕ ಇರುತ್ತಿತ್ತು. ಕಾಯಲು ನೆಟ್ಟ ಫಲಕವೇ ಅಗೆಯುವವರನ್ನು ಕರೆತಂದಿತ್ತು. ಮಾಡಿದ್ದೆಲ್ಲ ತಾನೇ ಎಂದು ಎದೆ ಬಡಿದುಕೊಂಡು ಅತ್ತಳು. ಕಣ್ಣಿಗೆ ದೂಳು ಬಿತ್ತು ಎಂದು ಕಾವಲುಗಾರನಿಗೆ ಹೇಳಿದಳು.

ಆ ವಾರವೇ ಒಬ್ಬ ಎಳೆಯ ಬಾಣಂತಿ ನಿದ್ದೆಹೋದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು, ಬೆಂಚಿನ ಹತ್ತಿರ ಅನುಮಾನಿಸಿದಳು. "ಅಕ್ಕಾ, ಇಲ್ಲಿ ಹಾವಿತ್ತಂತಲ್ಲ, ಕೂತ್ಕೋಬಹುದಾ?"

ಪೊರಕೆ ಅಕ್ಕ ಬೆಂಚನ್ನು ಬಟ್ಟೆಯಿಂದ ಒರೆಸಿದಳು. "ಕೂತ್ಕೊಳಮ್ಮ. ಇಲ್ಲಿ ಏನೂ ಇಲ್ಲ."

ಆಮೇಲೆ ಮಗುವಿಗೆ ಎಚ್ಚರವಾದೀತೆಂದು ಪೊರಕೆಯನ್ನು ನೆಲಕ್ಕೆ ತಾಗಿಸದೆ ಎತ್ತಿಕೊಂಡು ಆಚೆ ನಡೆದಳು.