ಬಂದ್ರೆ ಗಿಡದ ಮುಂದೆ ಆಡಿದ ಮಾತು

ಕಾಲು ಉಳುಕಿದರೆ ನಮ್ಮ ಯಗಟಿ ಕಡೆಯ ಅಡುಗೆಮನೆಗಳಲ್ಲಿ ಮೊದಲು ಬಾಡುವುದು ಬಂದ್ರೆ ಸೊಪ್ಪು: ಹೆಂಚಿನ ಮೇಲೆ ಬಿಸಿ ಮಾಡಿ, ಹಳೆಯ ಪಂಚೆಯ ಚೂರಿನಲ್ಲಿ ಬಿಗಿದರೆ ನೋವು ಓಡುತ್ತದೆ, ಇಲ್ಲವೇ ಬಿಗಿದ ಅವ್ವನ ಬೈಗುಳಕ್ಕೆ ಹೆದರಿ ನಾವೇ ಓಡುತ್ತೇವೆ. ಕುರಿಯೂ ಮೂಸದ, ಅಂಟಂಟು ಎಲೆಯ ಈ ಗಿಡ ನಮ್ಮ ಹಳ್ಳದ ಎರಡೂ ದಡ ತುಂಬಿತ್ತು. ಹಳ್ಳ ಎಂದೊಡನೆ, ಗೆಳೆಯರೇ, ಜುಳುಜುಳು ನಿನಾದವನ್ನು ಕಲ್ಪಿಸಿಕೊಳ್ಳಬೇಡಿ. ವರ್ಷದ ಹತ್ತು ತಿಂಗಳು ಅಲ್ಲಿ ಹರಿಯುವುದು ಬಿಸಿಲು. ನೊರಜುಗಲ್ಲು, ಕಾರೆಮುಳ್ಳು, ತಂಗಡಿಯ ಹಳದಿ, ಬಾಯ್ಬಿಟ್ಟ ಕೊರಕಲು. ನನ್ನ ಮುಖದಂತೆಯೇ, ಅಭ್ಯಾಸವಾದವರಿಗೆ ಮಾತ್ರ ಚೆಲುವು.

ನನಗಿರುವುದು ಒಂದೇ ವಿದ್ಯೆ, ಊರವರ ದನಿ ಕದಿಯುವುದು. ಎಲ್ಲಕ್ಕಿಂತ ಸೊಗಸಾಗಿ ಬರುವುದು ಕುರಿ ಮೇಯಿಸುವ ಕರಿಯಪ್ಪಜ್ಜನದು: ಮೊದಲು ಕೆಮ್ಮು, ಆಮೇಲೆ ಒಂದು ಬೀಡಿ ಸೇದುವಷ್ಟು ಮೌನ, ಕೊನೆಗೆ ಮಾತು. ಒಂದು ದಿನ ಅಜ್ಜನೂ ನಾನೂ ಹಳ್ಳದ ಬಳಿ ಇದ್ದಾಗ, ಅದನ್ನು ಅಗಲ ಮಾಡಲು ಮಣ್ಣೆತ್ತುವ ಯಂತ್ರದೊಂದಿಗೆ ಬಂದ ಇಂಜಿನಿಯರು ದಡದ ಪೊದೆ ತೋರಿಸಿ, "ಇದೇನಜ್ಜ? ಕಿತ್ತರೆ ತೊಂದರೆಯಿಲ್ಲ ತಾನೆ?" ಎಂದರು.

"ಬಂದ್ರೆ, ಸ್ವಾಮಿ..." ಅಜ್ಜ ಕೆಮ್ಮಿ ನಿಂತ.

"ಏನು ಬಂದ್ರೆ?"

ಆ ಮೌನಕ್ಕೆ ನಾನು ನುಗ್ಗಿದೆ, ಅಜ್ಜನದೇ ದನಿಯಲ್ಲಿ: "ಮಳೆ ಬಂದ್ರೆ ಸ್ವಾಮಿ! ಬರ್ದಿದ್ರೆ ಏನೂ ಇಲ್ಲ!"

ಇಂಜಿನಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು; ನಗುತ್ತಲೇ ಯಂತ್ರಕ್ಕೆ ಕೈ ಬೀಸಿದರು. "ಲೇ, ಅಂಗಲ್ಲ ಕಣೋ, ಬೇರು..." ಎಂದ ಅಜ್ಜ. ಅದನ್ನೂ ಅಣಕಿಸಿದೆ.

ಬೇರು ಹಿಡಿದಿದ್ದರಿಂದಲೇ ದಡ ನಿಂತಿತ್ತೆಂಬ ಅಜ್ಜನ ಅರ್ಧ ವಾಕ್ಯವನ್ನು ಮೊದಲ ದೊಡ್ಡ ಮಳೆ ಪೂರ್ತಿ ಮಾಡಿತು. ದಡ ಕುಸಿದು, ಕುರಿಗಳು ನೀರಿಗಿಳಿಯುತ್ತಿದ್ದ ದಾರಿಯೇ ಹೋಯಿತು. ಈಗ ಅವು ಸುತ್ತಿ ಬಳಸಿ ನಡೆಯುತ್ತವೆ, ಹಿಂದೆ ಅಜ್ಜನೂ. 'ಬಂದರೆ' ಎಂಬ ಮಾತಿನೊಳಗೆ ಬಯಕೆಯೂ ಇದೆ, ಭಯವೂ ಇದೆ. ನನ್ನ ಕಿವಿಗೆ ಬಿದ್ದದ್ದು ಶ್ಲೇಷೆ ಮಾತ್ರ.

ಉಳಿದ ಗಿಡಗಳ ಹೆಸರನ್ನಾದರೂ ಬರೆದಿಡೋಣವೆಂದು ಮೊನ್ನೆ ನೋಟ್‌ಬುಕ್ ಹಿಡಿದು ಅಜ್ಜನ ಹಿಂದೆ ಹೋದೆ. ಕೊರಕಲಿನ ಅಂಚಿಗೆ ಜೋತುಬಿದ್ದ ಬೂದುಬಣ್ಣದ ಬಳ್ಳಿಯೊಂದನ್ನು ತೋರಿಸಿ, ಇದೇನೆಂದು ಕೇಳಿದೆ. ಅಜ್ಜ ಸಿಟ್ಟಾಗಲಿಲ್ಲ, ಆಗಿದ್ದರೆ ಹಗುರವಾಗುತ್ತಿತ್ತು.

"ನನ್ ಮಾತೆಲ್ಲ ನೀನೇ ಆಡ್ತೀಯಲ್ಲೋ ಮಗ. ಇದುನ್ನೂ ನೀನೇ ಯೋಳು."

ಬಾಯಿ ತೆರೆದೆ. ಕೆಮ್ಮು ಬಂತು, ಥೇಟ್ ಅಜ್ಜನದೇ. ಆಮೇಲಿನ ಮೌನವೂ ಬಂತು. ಬಳ್ಳಿಯ ಹೆಸರು ಬರಲಿಲ್ಲ.