ಅಕ್ಕ ಏಡಿ ತಿಂದ ಮಧ್ಯಾಹ್ನ

ಮುಂಬಯಿಯ ಆ ಹೋಟೆಲಿನಲ್ಲಿ ನಮ್ಮ ಮುಂದೆ ತಂದಿಟ್ಟ ಮೀನು ಸುಟ್ಟು ಕರಕಲಾಗಿತ್ತು. ಉತ್ಪ್ರೇಕ್ಷೆ ಅಲ್ಲ, ಇದ್ದಿಲಿನಷ್ಟು ಕಪ್ಪು. ಹೊನ್ನಾವರದ ಯಾವ ಮನೆಯ ಸೊಸೆಯಾದರೂ ಹಾಗೆ ಮೀನು ಹುರಿದಿಟ್ಟರೆ ಅತ್ತೆಯಾದವಳು ಕಾವಲಿ ಸಮೇತ ಹಿತ್ತಲಿಗೆ ಎಸೆಯುತ್ತಿದ್ದಳು. ಇಲ್ಲಿ ಅದನ್ನು ಬಿಳಿ ತಟ್ಟೆಯಲ್ಲಿ ಮಲಗಿಸಿ, ಮಗ್ಗುಲಿಗೆ ಲಿಂಬೆಹೋಳು ಇಟ್ಟು, ವೇಟರ್ ನಗುತ್ತಾ ನಿಂತಿದ್ದ. ನಾನು ನನ್ನ ಹರಕು ಹಿಂದಿಯಲ್ಲಿ, "ಇದು ಹೊತ್ತಿ ಹೋಗಿದೆಯಪ್ಪಾ, ವಾಪಸ್ ತಗೊಂಡು ಹೋಗು" ಅಂದೆ. ಮಗಳು ಮೇಜಿನಡಿ ನನ್ನ ಕಾಲು ತುಳಿದಳು.

"ಅಮ್ಮಾ, ಅದು ಇರೂದೇ ಹಾಗೆ. ಮಸಾಲೆ ಹಚ್ಚಿ ಬೇಕಂತಲೇ ಕರಿ ಮಾಡ್ತಾರೆ."

ಬೇಕಂತಲೇ! ಕುಮಟೆಯ ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ಪಾಠ ಮಾಡಿ ನಿವೃತ್ತಳಾದವಳು ನಾನು. ಬೇಕಂತಲೇ ತಪ್ಪು ಉತ್ತರ ಬರೆದವರನ್ನು ಕಂಡಿದ್ದೆ. ಬೇಕಂತಲೇ ಮೀನು ಸುಟ್ಟವರನ್ನು ಕಂಡದ್ದು ಅದೇ ಮೊದಲು. ಆದರೆ ನಾವು ಅಲ್ಲಿಗೆ ಹೋದದ್ದು ಊಟಕ್ಕಲ್ಲ. ನನ್ನ ಅಕ್ಕನ ಮಗನನ್ನು ಹುಡುಕಿಕೊಂಡು ಹೋಗಿದ್ದೆವು.

ಅಕ್ಕನನ್ನು ಕೊಟ್ಟದ್ದು ಹೊನ್ನಾವರದ ಹತ್ತಿರದ ಮಂಕಿಗೆ. ಭಾವನದು ದೋಣಿಯ ಕಸುಬು. ಒಬ್ಬನೇ ಮಗ, ಅವನಿಗೆ ಸಮುದ್ರ ಅಂದರೆ ಆಗದು. ದೋಣಿ ಹತ್ತಿದರೆ ವಾಂತಿ, ಇಳಿದರೆ ಜ್ವರ. ಅದೇ ಯಾರ ಮನೆಯ ಮದುವೆಯಾದರೂ ಅಡಿಗೆಯವರ ಸಂಗಡ ಕೊಪ್ಪರಿಗೆಯ ಬುಡದಲ್ಲಿ ಕೂತಿರುತ್ತಿದ್ದ. ಹೋಟೆಲ್ ಕೆಲಸ ಕಲಿಯುತ್ತೇನೆ ಅಂತ ಒಂದು ದಿನ ಬಾಯಿ ಬಿಟ್ಟು ಹೇಳಿದ. ಭಾವನಿಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬಂದರಿನಲ್ಲಿ ಊರವರೆಲ್ಲರ ಎದುರು ಇಪ್ಪತ್ತರ ಹುಡುಗನನ್ನು ಕೊರಳಪಟ್ಟಿ ಹಿಡಿದು ಎಳೆದು ದೋಣಿಗೆ ಹತ್ತಿಸಿದ. ಜನ ನಕ್ಕರು. ಸಂಜೆ ದೋಣಿ ದಡಕ್ಕೆ ಬಂತು, ಹುಡುಗ ಇಳಿದ, ಮನೆಗೆ ಮಾತ್ರ ಬರಲಿಲ್ಲ. ಎಲ್ಲಿಗೆ ಹೋದ ಅಂತ ಯಾರಿಗೂ ಗೊತ್ತಿಲ್ಲ.

ಆ ವಾರವೇ ಅಕ್ಕ ದೇವಿಯ ಗುಡಿಗೆ ಹೋಗಿ ಕೈಮುಗಿದು ಹೇಳಿಕೊಂಡಳು: ಮಗನ ಮೋರೆ ಕಾಣುವವರೆಗೆ ಮೀನು ಬಾಯಿಗೆ ಹಾಕುವುದಿಲ್ಲ. ನಮ್ಮವರಲ್ಲಿ ಇದು ಹೊಸತಲ್ಲ. ಮಗಳ ಬಾಣಂತನ ಸುಸೂತ್ರ ಆಗಲಿ ಅಂತ ಮೀನು ಬಿಡುತ್ತಾರೆ, ಗಾಳಿಗೆ ಸಿಕ್ಕ ದೋಣಿ ಬರಲಿ ಅಂತ ಬಿಡುತ್ತಾರೆ. ವಾರವೋ ತಿಂಗಳೋ ಕಳೆದು ಹರಕೆ ತೀರುತ್ತದೆ, ಆಮೇಲೆ ಬಂಗಡೆ ಸಾರು ಮಾಡಿ ಹೊಟ್ಟೆ ಬಿರಿಯೆ ಉಣ್ಣುತ್ತಾರೆ. ಅಕ್ಕನ ಹರಕೆ ತೀರಲೇ ಇಲ್ಲ. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು, ಹಾಗೇ ಹತ್ತು ವರ್ಷ ಕಳೆಯಿತು. ದಿನಾ ಮೀನು ಕೊಯ್ಯುವವಳು ಅವಳೇ, ಮಸಾಲೆ ಅರೆಯುವವಳು ಅವಳೇ. ಸಾರಿಗೆ ಉಪ್ಪು ಹದವಾಗಿದೆಯೋ ಇಲ್ಲವೋ ಅಂತ ಮೂಗಿನಿಂದಲೇ ಹೇಳುತ್ತಿದ್ದಳು. ತಾನು ಮಾತ್ರ ಹುರುಳಿ ಸಾರು, ಉಪ್ಪಿನಕಾಯಿ. ಮದುವೆಮನೆಯಲ್ಲಿ ನಾವು ಅವಳಿಗೆ "ಭಟ್ಟರ ಹೆಂಡತಿ, ಆಚೆ ಸಾಲಲ್ಲಿ ಕೂತ್ಕಾ" ಅಂತ ತಮಾಷೆ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು.

ಹೀಗಿರುವಾಗ ಭಟ್ಕಳದ ಏಡಿ ವ್ಯಾಪಾರಿಯೊಬ್ಬರು ಹೊನ್ನಾವರದ ನಮ್ಮ ಮನೆಗೆ ಬಂದರು. ಮಂಕಿಯ ಕಡೆ ಏಡಿ ಕೊಳ್ಳುತ್ತಿದ್ದವರು, ಹುಡುಗನನ್ನು ಚಿಕ್ಕವನಿಂದ ಬಲ್ಲವರು. ಮುಂಬಯಿಯ ದೊಡ್ಡ ಹೋಟೆಲುಗಳಿಗೆ ಜೀವಂತ ಏಡಿ ಕಳಿಸುವುದು ಅವರ ವ್ಯವಹಾರ. "ಟೀಚರ್, ನಿಮ್ಮ ಅಕ್ಕನ ಹುಡುಗನ್ನ ಕಂಡೆ. ಒಂದು ಅಮೇರಿಕಾ ನಮೂನೆ ಹೋಟೆಲ್ ಉಂಟು, ಅದರ ಹಿಂದಿನ ಬಾಗಿಲಲ್ಲಿ ಏಡಿ ಎಣಿಸಿ ತಕ್ಕೊಳ್ತಾ ಇದ್ದ. ಹೆಸರು ಹಿಡಿದು ಕರೆದೆ. ಕಿವಿ ಕೇಳದವನ ಹಾಗೆ ಒಳಗೆ ಹೋಗಿಬಿಟ್ಟ" ಅಂದರು. ಆಗಲೇ ಬಸ್ಸು ಹಿಡಿದು ಮಂಕಿಗೆ ಓಡಿದೆ.

ಅಕ್ಕ ಅಳಲಿಲ್ಲ, ಕೂಗಲಿಲ್ಲ. ಮೀನು ಕೊಯ್ಯುತ್ತಿದ್ದ ಕೈ ತೊಳೆದು, "ಯಾವ ರೈಲಿಗೆ ಹೋಗೂದು?" ಅಂತ ಕೇಳಿದಳು. ಅಕ್ಕನ ಕಣ್ಣಿನ ಪರೀಕ್ಷೆ ಅಂತ ಭಾವನಿಗೆ ಸುಳ್ಳು ಹೇಳಿ ಹೊರಟೆವು. ನನ್ನ ಮಗಳು ಮುಂಬಯಿಯಲ್ಲೇ ಬ್ಯಾಂಕಿನಲ್ಲಿದ್ದಾಳೆ. ಅವಳು ಹೋಟೆಲಿಗೆ ಫೋನ್ ಮಾಡಿ ಕೇಳುತ್ತೇನೆ ಅಂದಾಗ ಅಕ್ಕ ಬಿಲ್‌ಕುಲ್ ಒಪ್ಪಲಿಲ್ಲ. "ಸುದ್ದಿ ಸಿಕ್ರೆ ಅವ ನಿಲ್ಲೂದಿಲ್ಲ. ಉಣ್ಣುಕೆ ಬಂದವರ ಹಾಗೆ ಹೋಗ್ವ" ಅಂದಳು. ಹಾಗೆ ಮಧ್ಯಾಹ್ನದ ಹೊತ್ತು ಮಗಳ ಸಂಗಡ ಇಸ್ತ್ರಿ ಸೀರೆ ಉಟ್ಟ ಮುದುಕಿಯರಿಬ್ಬರು ಆ ಹೋಟೆಲಿನ ಗಾಜಿನ ಬಾಗಿಲು ದೂಡಿದೆವು.

ಕೇಜನ್, ಕ್ರಿಯೋಲ್ ಅಂತ ಅಲ್ಲಿನ ಅಡಿಗೆಯ ಹೆಸರು. ಅಮೇರಿಕದ ತೆಂಕಣ ತುದಿಯಲ್ಲಿ ದೊಡ್ಡ ನದಿಯೊಂದು ಸಮುದ್ರ ಸೇರುವ ಕಡೆಯ ಊಟವಂತೆ. ಫ್ರೆಂಚರು, ಆಫ್ರಿಕದಿಂದ ಹಿಡಿದು ತಂದ ಜನ, ಎಲ್ಲರ ಕೈ ಕೂಡಿದ ಅಡಿಗೆ; ಅನ್ನ, ಏಡಿ, ಸಿಗಡಿಯೇ ಅಲ್ಲಿ ಮುಖ್ಯ ಅಂತ ಮಗಳು ವಿವರಿಸಿದಳು. "ಹಂಗಾರೆ ನಮ್ಮ ಶರಾವತಿ ಅಳಿವೆಯವರೇ ಆದ್ರಲ್ಲ!" ಅಂತ ನನಗೆ ಖುಷಿಯೂ ಆಯಿತು. ಆ ಖುಷಿ ಮೊದಲ ಬೋಗುಣಿ ಬರುವವರೆಗೆ ಮಾತ್ರ ಇತ್ತು.

ಅಕ್ಕ ಅಡಿಗೆಮನೆಯ ಕಡೆ ಮುಖ ಮಾಡಿ ಕೂತಿದ್ದಳು. ಗೋಡೆಯಲ್ಲಿ ಒಂದು ಅಗಲ ಕಿಂಡಿ, ಬಸ್‌ಸ್ಟ್ಯಾಂಡಿನ ಪಾಸ್ ಕೌಂಟರಿನ ಹಾಗೆ. ಒಳಗಿನವರು ತಟ್ಟೆ ತಂದು ಅಲ್ಲಿಡುವುದು, ವೇಟರುಗಳು ಎತ್ತಿಕೊಳ್ಳುವುದು. ನನ್ನ ಬೆನ್ನು ಆ ಕಡೆಗೆ. ಒಬ್ಬೊಬ್ಬರು ಕಿಂಡಿಗೆ ಬಂದಾಗಲೂ ಅಕ್ಕನ ಮೋರೆ ನೋಡಿ ನಾನು "ಅವನಾ?" ಅನ್ನುತ್ತಿದ್ದೆ. "ಅಲ್ಲ" ಅನ್ನುತ್ತಿದ್ದಳು. "ಹಾಂಗೆ ಕಣ್ಣು ಕೀಳದೆ ನೋಡಬೇಡ್ವೆ, ಅವ್ರು ಎಂತ ತಿಳ್ಕಂಬೂದು" ಅಂತ ಬೈದೆ. ಅವಳ ಕಿವಿಗೇ ಬೀಳಲಿಲ್ಲ.

ಬೋಗುಣಿಯಲ್ಲಿದ್ದದ್ದು ಕೆಸರಿನ ಬಣ್ಣದ ಸಾರು. ಚಮಚ ಹಾಕಿ ಕೆದಕಿದೆ. ಬೆಂಡೆಕಾಯಿ ಬಂತು, ಆಗಬಹುದು. ಸಿಗಡಿ ಬಂತು, ಸಂತೋಷ. ಆಮೇಲೆ ಬಂದದ್ದು ಕೋಳಿಯ ತುಂಡು! ಅದರ ಬೆನ್ನಿಗೇ ಇನ್ನೆಂಥದೋ ಮಾಂಸದ ದುಂಡುಬಿಲ್ಲೆ! ಅಯ್ಯೋ ಶಿವನೇ, ಒಂದೇ ಪಾತ್ರೆಯಲ್ಲಿ ಕೋಳಿ, ಸಿಗಡಿ! ನಮ್ಮಲ್ಲಿ ಮೀನಿನ ಗಡಿಗೆ ಬೇರೆ, ಕೋಳಿಯ ಪಾತ್ರೆ ಬೇರೆ. ಒಂದಕ್ಕೆ ಹಾಕಿದ ಸೌಟು ಇನ್ನೊಂದಕ್ಕೆ ಮುಟ್ಟಿಸಿದರೂ ನಮ್ಮಮ್ಮ ಮನೆ ಮೇಲೆ ಕೆಳಗೆ ಮಾಡುತ್ತಿದ್ದಳು. ನಾನು ಬೋಗುಣಿಯನ್ನು ಮಗಳ ಕಡೆ ನೂಕಿದೆ. ಅವಳು ಹಾಯಾಗಿ ಸುರಿದು ಕುಡಿದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಹೌದೋ ಅಂತ ಅನುಮಾನ ಬಂತು.

ಸುಟ್ಟ ಮೀನಿನ ರಗಳೆ ಮುಗಿಯುವುದರೊಳಗೆ ಇಬ್ಬರು ವೇಟರುಗಳು ಬಂದು ಮೇಜಿನ ತುಂಬ ಕಾಗದ ಹಾಸಿದರು. ನಮ್ಮ ಕೊರಳಿಗೆ ಎಳೆಮಕ್ಕಳ ಜೊಲ್ಲುಬಟ್ಟೆಯಂಥದು ಕಟ್ಟಿದರು. ನೋಡನೋಡುತ್ತಿದ್ದಂತೆ ಒಂದು ಬಕೆಟು ಎತ್ತಿ ದಡಬಡ ಸುರಿದೇ ಬಿಟ್ಟರು. ಏಡಿ, ಸಿಗಡಿ, ಬಟಾಟೆ, ಜೋಳದ ತೆನೆ, ಕೆಂಪು ಮಸಾಲೆ ಎಲ್ಲ ಕಾಗದದ ಮೇಲೆ ರಾಶಿ! ನಾನು ಕುರ್ಚಿಯಿಂದ ಎದ್ದೇ ನಿಂತೆ. ಎಲೆ ಇಲ್ಲ, ತಟ್ಟೆ ಇಲ್ಲ, ಕೋಳಿಗೆ ಅಕ್ಕಿ ಚೆಲ್ಲಿದ ಹಾಗೆ! ಎಲ್ಲರೂ ಆ ಒಂದೇ ರಾಶಿಗೆ ಎರಡೂ ಕೈ ಹಾಕಿ ಕಿತ್ತು ತಿನ್ನಬೇಕಂತೆ. ಎಡಗೈ ಸಮೇತ! ಪಕ್ಕದ ಮೇಜಿನಲ್ಲಿ ಕೋಟು ಹಾಕಿದ ಗಂಡಸರು ಬೆರಳು ನೆಕ್ಕಿ ಅದೇ ಬೆರಳನ್ನು ಮತ್ತೆ ರಾಶಿಗೆ ಹಾಕುತ್ತಿದ್ದರು. ಎಂಜಲು ಮುಸುರೆ ಅನ್ನುವ ಮಾತೇ ಇಲ್ಲ. "ಇದಕ್ಕೆ ದುಡ್ಡು ಬೇರೆ ಕೊಡ್ತ್ರನೆ?" ಅಂತ ಮಗಳನ್ನು ಕೇಳಿದೆ.

ಅಕ್ಕನಿಗಾಗಿ ಮಾಂಸ ಮೀನು ಸೋಕದ ಬೀನ್ಸು, ಅನ್ನ ಹೇಳಿದ್ದೆವು. ಅವಳು ಅದನ್ನೂ ತಿನ್ನದೆ ಚಮಚ ಹಿಡಿದು ಕೂತಿದ್ದಳು. ನಾನು ಬಯ್ಯುತ್ತಲೇ ಒಂದು ಸಿಗಡಿಯ ಸಿಪ್ಪೆ ಬಿಡಿಸಿ ಬಾಯಿಗಿಟ್ಟೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿತ್ತು. ಖಾರ, ಬೆಳ್ಳುಳ್ಳಿ, ಹುಳಿ ಎಲ್ಲ ಅಚ್ಚುಕಟ್ಟು. ಎರಡನೆಯದಕ್ಕೆ ಕೈ ಚಾಚಿದ್ದೆ. ಆಗ ಎದುರಿನಿಂದ ಕಟಕ್ ಅಂತ ಸದ್ದು ಬಂತು.

ತಲೆ ಎತ್ತಿ ನೋಡುತ್ತೇನೆ, ಅಕ್ಕನ ಬಾಯಲ್ಲಿ ಏಡಿಯ ಕೊಂಬು.

ಈ ಜನ್ಮದಲ್ಲಿ ನಾನು ಅಷ್ಟು ಬೆಚ್ಚಿದ್ದಿಲ್ಲ. ದಿಗಿಲಿನಲ್ಲಿ ಏನೂ ತೋಚದೆ, "ಅಕ್ಕಾ! ಎಂತ ಮಾಡ್ತೆ? ತಲೆ ಸಮ ಉಂಟಾ ನಿಂಗೆ? ಹರಕೆ!" ಅಂತ ಕೂಗಿಬಿಟ್ಟೆ. ಕೋಟಿನವರೆಲ್ಲ ತಿರುಗಿ ನೋಡಿದರು. ಅಕ್ಕ ಕೊಂಬು ಒಡೆದು ಒಳಗಿನ ಮಾಂಸ ಎಳೆದು ತಿಂದಳು. ಕಾಲು ಮುರಿದು ರಸ ಹೀರಿದಳು. ಹಸಿದವರು ತಿನ್ನುವ ಹಾಗೆ ಅಲ್ಲ, ಕೆಲಸ ಮುಗಿಸುವವರ ಹಾಗೆ. ಅವಳ ಎರಡೂ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕಂಡೆ" ಅಂದಳು.

ನಾನು ಗರಕ್ಕನೆ ತಿರುಗಿದೆ. ಕಿಂಡಿ ಖಾಲಿ. ಒಳಗೆ ಒಲೆಯ ಉರಿಯೊಂದೇ ಕಾಣುತ್ತಿತ್ತು.

"ಎಲ್ಲಿ? ಎಲ್ಲಿದ್ದ?"

"ತಟ್ಟೆ ಇಡುಕೆ ಬಂದಿದ್ದ. ತಲೆ ಎತ್ತಿದ. ನನ್ನೇ ನೋಡ್ದ." ಅಕ್ಕ ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೂದಲು ಅರ್ಧ ಬೆಳ್ಳಗಾಯ್ದು ಅವನ್ದು. ಇನ್ನೂ ಮದುವೆ ವಯಸ್ಸು, ಆಗ್ಲೇ ಬೆಳ್ಳಗಾಯ್ದು. ಎಷ್ಟೋ ಹೊತ್ತು ನೋಡ್ದ. ಮತ್ತೆ ಬಾಯಿಗೆ ಕಟ್ಟಿದ ಬಟ್ಟೆ ಮೇಲೆ ಎಳ್ಕಂಡು ಒಳಗೆ ಹೋದ."

ನನಗೆ ಮೈಯೆಲ್ಲ ಉರಿದು ಹೋಯಿತು. ಹೆತ್ತ ತಾಯಿ ಇಷ್ಟು ದೂರ ಬಂದು ಕೂತಿದ್ದಾಳೆ, ಇವನು ಬಟ್ಟೆ ಎಳೆದುಕೊಂಡು ಒಳಗೆ ಹೋಗುವುದೇ? "ಕಿವಿ ಹಿಂಡಿ ಎಳ್ಕಂಡು ಬತ್ತೆ ಅವನ್ನ!" ಅಂತ ಎದ್ದೆ. ಅಕ್ಕ ಮಸಾಲೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದಳು. ಮೀನಿನ ಬುಟ್ಟಿ ಎತ್ತಿ ಎತ್ತಿ ಗಟ್ಟಿಯಾದ ಕೈ, ನಾನು ಕೂತೆ. ಅಷ್ಟರಲ್ಲಿ ಮಗಳು ವೇಟರನ್ನು ಕರೆದು, ಒಳಗಿರುವ ಹೊನ್ನಾವರ ಕಡೆಯವರನ್ನು ಒಂದು ನಿಮಿಷ ಹೊರಗೆ ಕಳಿಸಿ, ಅವರ ತಾಯಿ ಬಂದಿದ್ದಾರೆ ಅಂತ ಹೇಳಿ ಅಂದಳು. ಅವನು ಸಂಭ್ರಮದಿಂದ ಒಳಗೆ ಹೋದ. ಬರುವಾಗ ಮುಖ ಪೆಚ್ಚಾಗಿತ್ತು.

"ಆ ಊರಿನವರು ಇಲ್ಲಿ ಯಾರೂ ಇಲ್ಲವಂತೆ ಮೇಡಂ."

"ಹಾಗಂತ ಯಾರು ಹೇಳಿದರು?" ಮಗಳು ಕೇಳಿದಳು.

ವೇಟರ್ ಅಕ್ಕನ ಮುಖ ನೋಡಿದ, ನೆಲ ನೋಡಿದ, ಖಾಲಿ ಬೋಗುಣಿ ಎತ್ತಿಕೊಂಡು ನಡೆದ.

ಒಂದು ಕ್ಲಾಸಿನ ಹುಡುಗರನ್ನೆಲ್ಲ ಒಂದೇ ಕೂಗಿಗೆ ಕೂರಿಸುತ್ತಿದ್ದ ನಾನು ಕಾಗದದ ಮೇಲಿನ ಸಿಪ್ಪೆಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತಿದ್ದೆ. ಅಕ್ಕನೇ ಮಾತಾಡಿದಳು, ನನ್ನ ಹತ್ತಿರವೋ ದೇವಿಯ ಹತ್ತಿರವೋ ಗೊತ್ತಿಲ್ಲ. "ಮೋರೆ ಕಂಡ್ರೆ ಸಾಕು ಅಂತ ಕೇಳ್ಕಂಡವಳು ನಾನೇ ಅಲ್ದಾ. ಮನೆಗೆ ಬರ್ಲಿ, ಅಬ್ಬೇ ಅಂತ ಕರೀಲಿ ಅಂತ ಕೇಳೂಕೆ ನೆನಪೇ ಆಗ್ಲಿಲ್ಲ ಆವತ್ತು. ದೇವಿ ನಾ ಕೇಳಿದ್ದಷ್ಟು ಕೊಟ್ಲು."

ಮಗಳು ಅಳುತ್ತಾ, "ದೊಡ್ಡಮ್ಮ, ನಾಳೆ ಬರುವ. ಹಿಂದಿನ ಬಾಗಿಲಲ್ಲೇ ಕಾಯುವ. ನಾನು ರಜೆ ಹಾಕ್ತೆ" ಅಂದಳು.

"ಬ್ಯಾಡ ಮಗಾ. ನಾಳೆ ಬಂದ್ರೆ ಅವ ಈ ಹೋಟ್ಲೂ ಬಿಟ್ಟು ಹೋಗ್ತ. ಮತ್ತೆ ಎಲ್ಲಿ ಅಂತ ಹುಡ್ಕೂದು?"

ಅವಳು ಕೊರಳಿನ ಬಟ್ಟೆ ಬಿಚ್ಚಿ ಮಡಿಸಿ ಇಟ್ಟಳು. ಲೋಟದ ನೀರಿನಲ್ಲಿ ಬೆರಳು ಅದ್ದಿ ತೊಳೆದುಕೊಂಡಳು. ನನಗೆ ಇನ್ನೂ ಏಳಲು ಮನಸ್ಸಿಲ್ಲ. ಎಷ್ಟು ಹೊತ್ತು ಅಡಗಿರುತ್ತಾನೆ, ಬಾಗಿಲು ಹಾಕುವವರೆಗೆ ಇಲ್ಲೇ ಕೂರೋಣ ಅಂದೆ. ಬೆನ್ನ ಹಿಂದೆ ಕಿಂಡಿಯ ಬಳಿ ಗಂಟೆ ಬಡಿಯುತ್ತಿತ್ತು, ಯಾರೋ ಹಿಂದಿಯಲ್ಲಿ ತಟ್ಟೆ ಎಲ್ಲಿ, ತಟ್ಟೆ ಎಲ್ಲಿ ಅಂತ ಗದರುತ್ತಿದ್ದರು. ಅಕ್ಕ ಕುರ್ಚಿ ಹಿಂದೆ ಸರಿಸಿ ನಿಂತಳು.

"ಏಳೇ ತಂಗಿ, ಹೋಗ್ವ. ನಾವು ಇಲ್ಲಿ ಕೂತಷ್ಟು ಹೊತ್ತೂ ಅವಗೆ ಕೆಲಸಕ್ಕೆ ಬರೂಕಾಗೂದಿಲ್ಲ."