ಗಿಲೀಟಿಗೆ ಮೊದಲು

ಐವತ್ತರ ದಶಕದ ಕೊನೆಗೆ ಕುದ್ರೋಳಿಯಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ ಹಿತ್ತಾಳೆ ಸಾಮಾನಿಗೆ ಬೆಳ್ಳಿಯ ಗಿಲೀಟು ಹಾಕುವವರೊಬ್ಬರಿದ್ದರು. ಉಜ್ಜಿ ತೊಳೆದ ವಸ್ತುವನ್ನು ತಂತಿಗೆ ತೂಗುಹಾಕಿದ ಮೇಲೆ ಅವರು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬಾಗಿಲಿಗೆ ಬಂದವರಿಗೆಲ್ಲ ಒಂದೇ ಪ್ರಶ್ನೆ: “ಮುಟ್ಟಿದ್ರಾ ಎಂತ?” ಬೆರಳಿನ ಜಿಡ್ಡು ತಾಗಿದಲ್ಲಿ ಬೆಳ್ಳಿ ಹಿಡಿಯುವುದಿಲ್ಲ.

ಒಮ್ಮೆ ಕ್ರಿಶ್ಚಿಯನ್ ತಾಯಿಯೊಬ್ಬರು ಮನೆಯ ಹಳೆಯ ಶಿಲುಬೆ ತಂದು ಅಲ್ಲೇ ಕಾದು ಕುಳಿತರು. ಸಂಜೆ ಮಗಳ ಮದುವೆ; ಮದುಮಕ್ಕಳು ಅದರ ಮುಂದೆ ಮಂಡಿಯೂರಬೇಕಿತ್ತು. ಗಿಲೀಟಿನ ನೀರಿನಿಂದ ಎತ್ತಿದಾಗ ಶಿಲುಬೆಯ ಬುಡದಲ್ಲಿ ಮಂಕು ಕಲೆಯೊಂದು ಉಳಿದಿತ್ತು.

“ಬಾಯಮ್ಮ, ಮುಟ್ಟಿದ್ರಾ ಎಂತ?”

“ಕೈ ತಾಗಿಸಲಿಲ್ಲ ಮಾರಾಯ್ರೆ. ನೀವು ಆಚೆ ಹೋದಾಗ ಒಂದು ಮುತ್ತು ಕೊಟ್ಟೆ, ಅಷ್ಟೇ.”

“ಬೆಳಿಗ್ಗೆ ಎಂತ ತಿಂದದ್ದು?”

“ಹಂದಿ ಸಾರು,” ಎಂದರು ಆಕೆ, ಮೆಲ್ಲಗೆ.

ಅವರು ಶಿಲುಬೆಯನ್ನು ಮೊದಲಿನಿಂದ ಉಜ್ಜತೊಡಗಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೀದಿಯಲ್ಲಿ ಇಳಿಯುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದರು. ಎರಡನೆಯ ಸಲ ಬೆಳ್ಳಿ ಸರಿಯಾಗಿ ಹಿಡಿಯಿತು.

“ಇನ್ನು ಮುಟ್ಟಿ,” ಎಂದು ಆಕೆಯ ಕೈಗೆ ಕೊಟ್ಟರು. ಆಕೆ ಅದನ್ನು ತುಟಿಗೆ ಒತ್ತಿಕೊಂಡಾಗ ಮಾತ್ರ ಅವರಿಂದ ನೋಡಲಾಗಲಿಲ್ಲ. ಗೋಡೆಯತ್ತ ತಿರುಗಿ ನಿಂತರು.